ಗೂಡು ಆರಿಸುವ ಯಂತ್ರದ ಭಾಷೆ

ಶಿಡ್ಲಘಟ್ಟದಲ್ಲಿ ಅಶ್ವತ್ಥಯ್ಯ ಎಂಬ ಮೇಷ್ಟ್ರು ರೇಷ್ಮೆಗೂಡುಗಳಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆಬೇರೆ ಆರಿಸುವ ಯಂತ್ರವೊಂದನ್ನು ಕಟ್ಟಿದರು. ಆ ಒಂದೇ ಕೆಲಸಕ್ಕೆಂದು ಮಾಡಿಸಿದ ಪುಟ್ಟ ಚಿಪ್ ಅದರೊಳಗಿತ್ತು. ಚಿಪ್ ಬಲು ಚುರುಕು. ಆದರೆ ಒಂದು ಪ್ರೋಗ್ರಾಂ ಭಾಷೆಗಿಂತ ಹೆಚ್ಚು ಅದರಲ್ಲಿ ಹಿಡಿಸುತ್ತಿರಲಿಲ್ಲ.

ಅದಕ್ಕೆ ಪ್ರೋಗ್ರಾಂ ಬರೆಯಲು ಅವರ ಇಬ್ಬರು ಶಿಷ್ಯರು ಕೂತರು. ತಿಮ್ಮರಾಯ ಅಪ್ಪಣೆ ಕೊಡುವವನು. ‘ಗೂಡು ಸಾಗುವ ಪಟ್ಟಿ ಓಡಿಸು, ನಿಲ್ಲಿಸು, ಗೂಡನ್ನು ತಳ್ಳು’ ಎಂದು ಒಂದೊಂದೇ ಹೆಜ್ಜೆ ಹೇಳುವ ಭಾಷೆ ಅವನದು. ಮುಬೀನಾ ನಿಯಮ ಹೇಳುವವಳು. ‘ಕಲೆಯಿದ್ದರೆ ಕೆಟ್ಟದ್ದು, ಎರಡು ಹುಳ ಸೇರಿ ಕಟ್ಟಿದ್ದರೆ ಬೇರೆ ಬುಟ್ಟಿಗೆ’ ಎಂದಷ್ಟೇ ಹೇಳಿ ಉಳಿದದ್ದನ್ನು ಯಂತ್ರಕ್ಕೇ ಬಿಡುವ ಭಾಷೆಯನ್ನು ಅವಳು ತಾನೇ ಕಷ್ಟಪಟ್ಟು ಕಟ್ಟಿದ್ದಳು.

“ನಿನ್ನದು ಬರೀ ಗಾಳಿಮಾತು,” ಎಂದ ತಿಮ್ಮರಾಯ.

“ನಿನ್ನದು ಬರೀ ದರ್ಬಾರು,” ಎಂದಳು ಮುಬೀನಾ.

ಮೇಷ್ಟ್ರು ಎರಡನ್ನೂ ಓಡಿಸಿ ನೋಡಿದರು. ಮುಬೀನಾಳ ಪ್ರೋಗ್ರಾಂ ಪ್ರತಿ ಗೂಡನ್ನೂ ಸರಿಯಾಗಿ ಗುರುತಿಸಿತು. ಆದರೆ ಯಂತ್ರದ ಕೈ ಚಾಚುವಷ್ಟರಲ್ಲಿ ಗೂಡು ಪಟ್ಟಿಯ ಮೇಲೆ ಮುಂದೆ ಹೋಗಿಬಿಟ್ಟಿರುತ್ತಿತ್ತು. ತಿಮ್ಮರಾಯನದರಲ್ಲಿ ಕೈ ಸರಿಯಾದ ಗಳಿಗೆಗೇ ಚಾಚಿತು. ಆದರೆ ಗೂಡಿನ ಬಗೆಗಳನ್ನೆಲ್ಲ ಹೆಜ್ಜೆಹೆಜ್ಜೆಯಾಗಿ ಬರೆಯಹೋಗಿ ಅವನಿಗೇ ಗೋಜಲಾಗಿತ್ತು. ಒಳ್ಳೆಯ ಗೂಡೂ ಕಸಕ್ಕೆ ಬಿತ್ತು.

ಗೂಡಿನಿಂದ ನೂಲು ತೆಗೆಸುವ ಶೆಡ್ಡಿನ ಒಡತಿ ಗೌರಕ್ಕ ಶುಕ್ರವಾರ ಯಂತ್ರ ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಅದು ಮೂಲೆ ಸೇರುವುದೇ.

“ಮುಬೀನಾ, ಎರಡೂ ಭಾಷೆ ಬಲ್ಲವಳು ನೀನು, ನೀನೇ ತೀರ್ಮಾನ ಮಾಡಮ್ಮ. ನೀನು ಹೇಳಿದ್ದನ್ನೇ ಹಾಕ್ತೀನಿ,” ಎಂದರು ಮೇಷ್ಟ್ರು.

‘ನನ್ನದೇ’ ಎನ್ನುವ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೂ ಒಮ್ಮೆ ತಿಮ್ಮರಾಯ ಬರೆದದ್ದನ್ನು ಓದಿದಳು. ಕೈ ಚಾಚುವುದನ್ನು ಅವನು ನಾಲ್ಕೇ ಸಾಲಿನಲ್ಲಿ ಹೇಳಿದ್ದ. ಅದಕ್ಕಾಗಿ ತಾನೆಷ್ಟು ಒದ್ದಾಡಿದ್ದೆನೆಂದು ಅವಳಿಗೆ ಗೊತ್ತಿತ್ತು. ಅವನ ಮೇಲೆ ಸಣ್ಣಗೆ ಅಸೂಯೆಯಾಯಿತು. ಆಮೇಲೆ ನಗು ಬಂತು.

“ನನ್ನ ಭಾಷೆ ಬೇಡ ಸಾರ್. ಇವನದರೊಳಗೇ ನಿಯಮ ಬರೆಯೋಕೆ ಒಂದು ಜಾಗ ಮಾಡ್ತೀನಿ. ಗೂಡು ಎಂಥದು ಅಂತ ನಿಯಮ ಹೇಳಲಿ. ಕೈಗೆ ಇವನ ಅಪ್ಪಣೆಯೇ ಇರಲಿ.”

ತಿಮ್ಮರಾಯ ತಬ್ಬಿಬ್ಬಾದ. “ಹಾಗಾದ್ರೆ ನಿಯಮ ಬರೆಯೋದು ನನಗೂ ಕಲಿಸ್ಬೇಕು ಕಣೆ,” ಎಂದು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ.

ಶುಕ್ರವಾರ ಗೌರಕ್ಕ ಒಂದು ಮಂಕರಿ ಗೂಡು ತಂದು ಸುರಿದರು. ಬುಟ್ಟಿಗಳು ತುಂಬಿದ ಮೇಲೆ ಒಂದೊಂದರಲ್ಲೂ ಕೈಯಾಡಿಸಿದರು. ಕೆಟ್ಟ ಗೂಡುಗಳ ನಡುವೆ ಒಂದಾದರೂ ಒಳ್ಳೆಯದು ಸಿಕ್ಕೀತೇ ಎಂದು ಹುಡುಕಿದರು. ಸಿಗಲಿಲ್ಲ.

“ನಾಳೆಯೇ ನಮ್ಮ ಶೆಡ್ಡಿಗೆ ಕಳಿಸಿ ಮೇಷ್ಟ್ರೇ! ಅದ್ಯಾವ ಭಾಷೆ ಕಲಿಸಿದ್ದೀರಿ ಇದಕ್ಕೆ? ಹೆಸರೇನು?”

ಮೇಷ್ಟ್ರು ಮುಬೀನಾಳತ್ತ ನೋಡಿದರು.

“ಇನ್ನೂ ಇಟ್ಟಿಲ್ಲ ಅಕ್ಕ,” ಎಂದಳು ಅವಳು. “ತಿಮ್ಮರಾಯನನ್ನೂ ಕೇಳಿ ಇಡ್ತೀನಿ.”

ನೀತಿ: ನನ್ನ ದಾರಿಯೇ ಸರಿ ಎಂದು ಕೂತರೆ ಗೆಲ್ಲುವುದು ಹಟ ಮಾತ್ರ. ಇನ್ನೊಬ್ಬರ ದಾರಿಗೂ ಜಾಗ ಮಾಡಿಕೊಟ್ಟರೆ ಕೆಲಸ ಗೆಲ್ಲುತ್ತದೆ.