ಗೀಜಗ ಮುಗಿಸದೆ ಬಿಟ್ಟ ಬಾಗಿಲು

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕೊಳವಿತ್ತು. ಅದರ ದಡದ ಜಾಲಿಮರ ನೀರಿನ ಮೇಲೆ ಬಾಗಿ ನಿಂತಿತ್ತು. ಆ ಮರದಲ್ಲಿ ನೂಲಪ್ಪ ಎಂಬ ಗೀಜಗ ಗೂಡು ನೇಯುತ್ತಿದ್ದ.

ಗೀಜಗಗಳಲ್ಲಿ ಒಂದು ಪದ್ಧತಿಯಿದೆ. ಗಂಡು ಹಕ್ಕಿ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಗೆ ಕೂತು, ಎಳೆ ಜಗ್ಗಿ ನೋಡುತ್ತದೆ. ಅದು ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಎಲ್ಲಕ್ಕಿಂತ ಕೊನೆಯದು ಬಾಗಿಲು. ಅದೊಂದು ಉದ್ದನೆಯ ಕೊಳವೆ, ಗೂಡಿನಿಂದ ಕೆಳಕ್ಕೆ ನೀರಿನತ್ತ ಜೋತಾಡುತ್ತಿರುತ್ತದೆ.

ನೂಲಪ್ಪನ ಅರ್ಧ ಗೂಡು ನೋಡಲು ಕೊಳದವರೆಲ್ಲ ಬಂದರು. ಕೊಕ್ಕರೆಯಂತೂ ಕತ್ತು ಚಾಚಿ, "ಅಬ್ಬಬ್ಬಾ! ಬರೀ ಕೊಕ್ಕಲ್ಲಿ ಇಷ್ಟು ಚೆಂದ ನೇಯ್ತೀಯಲ್ಲ ಮಾರಾಯ!" ಎಂದಿತು. ನೂಲಪ್ಪ ಉಬ್ಬಿಹೋದ.

ಚಿಗುರವ್ವ ಎಂಬ ಹೆಣ್ಣು ಗೀಜಗ ಹೊಗಳಲಿಲ್ಲ. ಒಳಗೆ ಕೂತಳು, ಎಳೆ ಜಗ್ಗಿದಳು. "ಗಟ್ಟಿ ಇದೆ. ನಾನು ಇಲ್ಲೇ ಇರ್ತೀನಿ" ಎಂದಳು. ಕೆಲವು ದಿನಗಳಲ್ಲಿ ಗೂಡಿನಲ್ಲಿ ಮೂರು ಬಿಳಿ ಮೊಟ್ಟೆಗಳಿದ್ದವು.

ಆದರೆ ಬಾಗಿಲ ಕೊಳವೆ ನಾಲ್ಕು ಬೆರಳಿನಷ್ಟಕ್ಕೇ ನಿಂತಿತ್ತು. ಯಾಕೆ ಗೊತ್ತೇ? ಕೊಳವೆ ನೇಯುವುದು ಬೇಸರದ ಕೆಲಸ, ಸುತ್ತಿದ್ದನ್ನೇ ಸುತ್ತಬೇಕು. ಅದನ್ನು ನೋಡಲು ಯಾರೂ ಬರುವುದಿಲ್ಲ. ಹಾಗಾಗಿ ನಮ್ಮ ನೂಲಪ್ಪ ಅದನ್ನು ಅಲ್ಲಿಗೇ ಬಿಟ್ಟು, ಪಕ್ಕದ ಕೊಂಬೆಯಲ್ಲಿ ಹೊಸದೊಂದು ಗೂಡು ಶುರು ಮಾಡಿದ. ಕೊಕ್ಕರೆ ಮತ್ತೆ ಬಂದು ನಿಂತಿತು.

"ರೀ, ಮೊದಲು ಬಾಗಿಲು ಮುಗಿಸಿ. ಮೇವಿಗೆ ಹೋದರೂ ನನ್ನ ಜೀವ ಇಲ್ಲೇ ಇರುತ್ತೆ" ಎಂದಳು ಚಿಗುರವ್ವ.

"ಮುಕ್ಕಾಲು ಪಾಲು ಆಗಿದೆಯಲ್ಲೇ! ಉಳಿದಿರೋದು ಒಂದು ಬಾಲ. ನಾಳೆ ನೋಡೋಣ."

ಆ ನಾಳೆ ಬರಲೇ ಇಲ್ಲ. ಬಂದದ್ದು ಕಾಗೆ.

ಅವತ್ತು ಬೆಳಿಗ್ಗೆ ಚಿಗುರವ್ವ ಹುಳ ಹುಡುಕಲು ಹೋಗಿದ್ದಳು. ನೂಲಪ್ಪ ಪಕ್ಕದ ಕೊಂಬೆಯಲ್ಲಿ ಗಂಟು ಹಾಕುತ್ತಾ ಕೊಕ್ಕರೆಯ ಹೊಗಳಿಕೆ ಕೇಳುತ್ತಿದ್ದ. ಕಾಗೆ ಸದ್ದಿಲ್ಲದೆ ಬಂದು ಮೋಟು ಕೊಳವೆಗೆ ಜೋತುಬಿದ್ದು ತಲೆ ಒಳಗೆ ತೂರಿಸಿತು. ನೂಲಪ್ಪ ಕಿರುಚುತ್ತಾ ಹಾರಿ ಬರುವಷ್ಟರಲ್ಲಿ ಅದರ ಕೊಕ್ಕಿನಲ್ಲಿ ಒಂದು ಮೊಟ್ಟೆಯಿತ್ತು. ಕೊಳದ ಆಚೆ ದಡದವರೆಗೂ ಬೆನ್ನಟ್ಟಿದ. ಪ್ರಯೋಜನವಾಗಲಿಲ್ಲ.

ಚಿಗುರವ್ವ ಬಂದು ಗೂಡಿನೊಳಗೆ ನೋಡಿದಳು. ಬೈದಿದ್ದರೆ ನೂಲಪ್ಪ ಏನಾದರೊಂದು ನೆಪ ಹೇಳುತ್ತಿದ್ದನೇನೋ. ಅವಳು ಬೈಯಲಿಲ್ಲ.

"ಮೂರಿತ್ತಲ್ರೀ" ಎಂದಳು, ಅಷ್ಟೇ.

ನೂಲಪ್ಪನಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೆ ಆದವು. ಕೊಂಬೆಯ ಮೇಲೆ ಕೂತು ಯೋಚಿಸಿದ. ಹೊಗಳಿದವರೆಲ್ಲ ಗೂಡನ್ನು ಹೊರಗಿನಿಂದ ನೋಡಿದವರು. ಅವರ ಕಣ್ಣಿಗೆ ಮುಕ್ಕಾಲು ಗೂಡೂ ಚೆಂದವೇ. ಒಳಗಿರುವ ಮೊಟ್ಟೆಗೆ ಆ ಚೆಂದದಿಂದ ಏನಾಗಬೇಕು? ಅದಕ್ಕೆ ಬೇಕಾಗಿದ್ದದ್ದು ತಾನು ಬಿಟ್ಟ ಆ ಕೊನೆಯ ತುಂಡು. ಅಪ್ಪನಾಗುವ ಮುಂಚೆ ಇದು ತನಗೆ ತಿಳಿದಿರಲಿಲ್ಲ, ಅಪ್ಪನಾದ ಮೇಲೆ ತಡವಾಗಿ ತಿಳಿಯಿತು.

ಹೊಸ ಗೂಡನ್ನು ಹಾಗೇ ಬಿಟ್ಟು ಜೊಂಡಿನ ಕಡೆ ಹಾರಿದ. ಎಳೆ ಸೀಳಿ ತಂದ, ಸುತ್ತಿದ, ಮತ್ತೆ ತಂದ. ಕೊಕ್ಕರೆಗೆ ಬೇಸರವಾಗಿ ಮೀನು ಹಿಡಿಯಲು ಹೊರಟುಹೋಯಿತು. ನೂಲಪ್ಪ ತಲೆ ಎತ್ತಿಯೂ ನೋಡಲಿಲ್ಲ. ಮರುದಿನ ಸಂಜೆಗೆ ಕೊಳವೆ ಮೊಳದುದ್ದ ಇಳಿಯಿತು.

ಒಮ್ಮೆ ರುಚಿ ಕಂಡ ಕಾಗೆ ಸುಮ್ಮನಿದ್ದೀತೇ? ಮತ್ತೆ ಬಂತು. ಕೊಳವೆಯ ತುದಿಗೆ ಜೋತುಬಿತ್ತು. ಮೇಲೆ ಹತ್ತಲು ಹೋದರೆ ಹಿಡಿತ ಸಿಗಲಿಲ್ಲ, ಕೊಕ್ಕು ಚಾಚಿದರೆ ಮೊಟ್ಟೆ ಎಟುಕಲಿಲ್ಲ. ಉಗುರು ಜಾರಿ ದೊಪ್ಪನೆ ನೀರಿಗೆ ಬಿತ್ತು. ಒದ್ದೆ ಮೈ ಕೊಡವಿಕೊಂಡು ಹೋದದ್ದು ಮತ್ತೆ ಆ ಕಡೆ ಸುಳಿಯಲಿಲ್ಲ.

ಮೊಟ್ಟೆಗಳು ಒಡೆದವು, ಎರಡು ಮರಿಗಳು ಬೆಳೆದವು. ರೆಕ್ಕೆ ಬಲಿತ ದಿನ ದೊಡ್ಡ ಮರಿ ಕೊಳವೆಯಲ್ಲಿ ತೆವಳಿ, ಏದುಸಿರು ಬಿಡುತ್ತಾ ಹೊರಗೆ ಬಂತು.

"ಅಪ್ಪಾ, ನಮ್ಮನೆ ಬಾಗಿಲು ಯಾಕಿಷ್ಟು ಉದ್ದ? ಬರೋಷ್ಟರಲ್ಲಿ ಸಾಕಾಗಿಹೋಯ್ತು!"

ನೂಲಪ್ಪ ತಮಾಷೆಯಾಗಿ ಏನೋ ಹೇಳಲು ಹೊರಟಿದ್ದ. ಅದನ್ನು ಬಿಟ್ಟು ನಿಜವನ್ನೇ ಹೇಳಿದ.

"ಇದನ್ನ ಮುಗಿಸೋ ಹೊತ್ತಿಗೆ ಮುಗಿಸಿದ್ದಿದ್ರೆ, ಮಗಾ, ಇವತ್ತು ನೀವು ಮೂವರು ಹಾರ್ತಿದ್ರಿ."

ನೀತಿ: ಕೆಲಸದ ಆರಂಭ ಎಷ್ಟೇ ಚೆನ್ನಾಗಿದ್ದರೂ, ಅದನ್ನು ನಂಬಿದವರನ್ನು ಕಾಯುವುದು ಅದರ ಒಳ್ಳೆಯ ಮುಕ್ತಾಯ.