ರಿಯಾಯಿತಿ ಮೆಷಿನ್ನೂ ರೇಷ್ಮೆ ಶಲ್ಯವೂ

ರವಿಕೆ ಹೊಲಿದು ಬದುಕುವ ಪುಟ್ಟತಾಯಮ್ಮ ರಿಯಾಯಿತಿ ಅಂಗಡಿಯಲ್ಲಿ ಅಗ್ಗದ ಹೊಲಿಗೆ ಮೆಷಿನ್ನೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಂಗಡಿಯ ವಾರ್ಷಿಕೋತ್ಸವವೆಂದು ರೇಷ್ಮೆ ಶಲ್ಯ ಹೊದ್ದು ಮದುಮಗನಂತೆ ಮೆರೆಯುತ್ತಿದ್ದ ಮ್ಯಾನೇಜರು ಗದರಿದ.

"ಎಷ್ಟೊತ್ತು ನೋಡ್ತೀರಿ? ಜೀನ್ಸಿಂದ ಹಿಡಿದು ರೇಷ್ಮೆವರೆಗೂ ಎಲ್ಲಾ ಹೊಲಿಯುತ್ತೆ. ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ಜಾಗ ಬಿಡಿ."

"ತಗೊಳ್ತೀನಿ ಸಾರ್," ಅಂದಳು ಪುಟ್ಟತಾಯಮ್ಮ. "ನಿಮ್ಮ ಶಲ್ಯದ ಅಂಚು ಬಿಚ್ಚಿದೆ. ಕೊಡಿ, ಇದರಲ್ಲೇ ಒಂದು ಹೊಲಿಗೆ ಹಾಕಿ ನೋಡೋಣ."

ಮ್ಯಾನೇಜರು ಮೆಷಿನ್ ನೋಡಿದ. ಶಲ್ಯ ನೋಡಿದ. ಶಲ್ಯವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಹಿಂದೆ ಸರಿದ.

"ಇದು ಬೇಡಮ್ಮ. ನಮ್ಮ ಮಾವ ಮದುವೇಲಿ ಕೊಟ್ಟದ್ದು."

ಪುಟ್ಟತಾಯಮ್ಮ ಮೆಷಿನ್ನನ್ನು ಮತ್ತೆ ಡಬ್ಬಿಯೊಳಗೆ ಮಲಗಿಸಿ ಮುಚ್ಚಳ ಹಾಕಿದಳು.

"ನನ್ನ ಹತ್ರ ಬರೋದೂ ಮದುವೆ ರವಿಕೆಗಳೇ ಸಾರ್."