ಗ್ರಾಹಿಯ ಗುಣಗ್ರಹಣ

ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಗ್ರಾಹಿ ಎಂಬ ಅಣುವೊಂದಿತ್ತು. ರಸಾಯನಶಾಸ್ತ್ರಜ್ಞೆಯೊಬ್ಬಳು ಅದನ್ನು ವರ್ಷಗಟ್ಟಲೆ ಶ್ರಮಿಸಿ ಕಟ್ಟಿ, ಸತುವಿನ ಎರಡು ಕೈಗಳನ್ನು ಕೊಟ್ಟು, ಪ್ರೋಟೀನಿನ ತುಣುಕುಗಳಾದ ಪೆಪ್ಟೈಡುಗಳಲ್ಲಿ ತಕ್ಕವರನ್ನು ಗುರುತಿಸಿ ಹಿಡಿಯುವ ಕೆಲಸಕ್ಕೆ ನೇಮಿಸಿದ್ದಳು.

ಒಂದು ದಿನ ತಲೆಯ ಮೇಲೆ ಫಾಸ್ಫೇಟ್ ಎಂಬ ರಂಜಕದ ತುಣುಕನ್ನು ಧರಿಸಿದ ಪೆಪ್ಟೈಡ್ ಒಂದು ಅಲ್ಲಿಗೆ ಬಂತು. ಗ್ರಾಹಿ ಎರಡೂ ಕೈ ಚಾಚಿ ಅಪ್ಪಿಕೊಂಡಿತು.

“ಬನ್ನಿ ಸ್ವಾಮಿ! ಇಲ್ಲಿ ಸಾವಿರಾರು ಪೆಪ್ಟೈಡುಗಳು ಅಲೆಯುತ್ತವೆ. ನಿಮ್ಮಂಥ ಗುಣವಂತರನ್ನು ನಾನು ಕಂಡಿರಲಿಲ್ಲ.”

“ಈ ಫಾಸ್ಫೇಟ್ ನೋಡಿ ಹೇಳುತ್ತಿಲ್ಲ ತಾನೇ?” ಎಂದು ಪೆಪ್ಟೈಡ್ ಕೇಳಿತು.

“ಛೆ, ಛೆ! ನಾನು ನೋಡುವುದು ಗುಣವನ್ನು ಮಾತ್ರ.”

ಪೆಪ್ಟೈಡ್ ಹಿಗ್ಗಿ ಆ ತೋಳುಗಳಲ್ಲೇ ನೆಲೆಸಿತು. ಮರುದಿನ ಕಿಣ್ವವೊಂದು ಬಂದು, ತನ್ನ ವೃತ್ತಿಧರ್ಮದಂತೆ, ಅದರ ಫಾಸ್ಫೇಟನ್ನು ಕತ್ತರಿಸಿ ಹೋಯಿತು. ಗ್ರಾಹಿಯ ಕೈಗಳು ಕೂಡಲೇ ಸಡಿಲಗೊಂಡವು.

“ಯಾರಯ್ಯಾ ನೀನು? ಜಾಗ ಬಿಡು.”

“ನಿನ್ನೆ ಅಪ್ಪಿಕೊಂಡವರು ನೀವೇ ಅಲ್ಲವೇ? ನನ್ನ ಗುಣವೆಲ್ಲ ಇದ್ದ ಹಾಗೇ ಇದೆ!”

“ಇರಬಹುದು. ನನಗೆ ನಿನ್ನ ಪರಿಚಯವಿಲ್ಲ.”

ಪೆಪ್ಟೈಡ್ ತಲೆ ತಗ್ಗಿಸಿ ಗುಂಪಿನಲ್ಲಿ ಸೇರಿಹೋಯಿತು. ಅಷ್ಟರಲ್ಲಿ, ಕತ್ತರಿಸಿಹೋಗಿದ್ದ ಫಾಸ್ಫೇಟ್ ಒಂಟಿಯಾಗಿ ತೇಲಿಬಂತು. ಗ್ರಾಹಿ ಅದನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಿತು.

“ಪೆಪ್ಟೈಡ್ ಮಹಾಶಯರೇ, ಎಲ್ಲಿಗೆ ಹೋಗಿದ್ದಿರಿ?”

ಫಾಸ್ಫೇಟ್ ಸಂಕೋಚದಿಂದ ನುಡಿಯಿತು: “ನಾನು ಪೆಪ್ಟೈಡ್ ಅಲ್ಲ. ಬರೀ ಫಾಸ್ಫೇಟ್. ಹೇಳಿಕೊಳ್ಳುವಂಥ ಗುಣ ನನ್ನಲ್ಲಿ ಯಾವುದೂ ಇಲ್ಲ.”

ಗ್ರಾಹಿ ಸುತ್ತಲಿದ್ದವರ ಕಡೆ ತಿರುಗಿ ಹೇಳಿತು:

“ನೋಡಿದಿರಾ, ದೊಡ್ಡವರ ವಿನಯ!”